2019ರ ಕಾರ್ಪೊರೇಟ್ ತೆರಿಗೆ ಕಡಿತ: ಒಂದು ನಿರ್ಧಾರದ ಲೆಕ್ಕ

2019ರ ಸೆಪ್ಟೆಂಬರ್ 20ರಂದು, ಗೋವಾದಲ್ಲಿ ಜಿಎಸ್‌ಟಿ ಮಂಡಳಿಯ 37ನೇ ಸಭೆ ಸೇರುವ ಮೊದಲು, ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಪತ್ರಿಕಾಗೋಷ್ಠಿ ನಡೆಸಿ ದೇಶೀಯ ಕಂಪನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿರುವುದಾಗಿ ಪ್ರಕಟಿಸಿದರು. ಅದೇ ದಿನ ಹೊರಬಿದ್ದ ಸುಗ್ರೀವಾಜ್ಞೆಯ ಪ್ರಕಾರ, ಆಗಲೇ ಅರ್ಧದಷ್ಟು ಕಳೆದಿದ್ದ 2019–20ರ ಹಣಕಾಸು ವರ್ಷದ ಆರಂಭದಿಂದಲೇ ಹೊಸ ದರ ಅನ್ವಯವಾಯಿತು. ಈ ರಿಯಾಯಿತಿ ಮತ್ತು ಅದರ ಜೊತೆಗೆ ಘೋಷಿಸಿದ ಇತರ ರಿಯಾಯಿತಿಗಳಿಂದ ಬೊಕ್ಕಸಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಆಗಲಿದೆ ಎಂದು ಸರ್ಕಾರವೇ ಅಂದಾಜಿಸಿತ್ತು. ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ ಆ ಒಂದೇ ದಿನ 1,921 ಅಂಶ, ಅಂದರೆ ಶೇ 5.3ರಷ್ಟು, ಮೇಲೇರಿತು. ಹತ್ತು ವರ್ಷಗಳಲ್ಲಿ ಒಂದು ದಿನದ ಏರಿಕೆ ಅಷ್ಟು ದೊಡ್ಡದಾಗಿದ್ದದ್ದು ಅದೇ ಮೊದಲು.

ಆ ದಿನದಿಂದ ಇಂದಿನವರೆಗೆ ಈ ನಿರ್ಧಾರದ ಮೇಲೆ ನಡೆದಿರುವ ವಾದ ವಿವಾದಗಳಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಬೆರೆತುಹೋಗಿವೆ. ಭಾರತದ ಕಂಪನಿ ತೆರಿಗೆಯ ದರ ಹೆಚ್ಚಾಗಿತ್ತೇ, ವಿನಾಯಿತಿಗಳ ಗೋಜಲಿನಿಂದ ಅದನ್ನು ಬಿಡಿಸಬೇಕಿತ್ತೇ ಎಂಬುದು ಒಂದು. 2019ರ ಮಧ್ಯಭಾಗದಲ್ಲಿ ಮಂದಗತಿಗೆ ಬಿದ್ದಿದ್ದ ಆರ್ಥಿಕತೆಗೆ ಈ ಕಡಿತ ತಕ್ಕ ಪರಿಹಾರವಾಗಿತ್ತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎನ್ನುವವರು ಎರಡನೆಯದಕ್ಕೂ ಹೌದು ಎನ್ನಲೇಬೇಕೆಂಬ ನಿಯಮವಿಲ್ಲ. ಸುಧಾರಣೆಯಾಗಿ ಇದರ ದಿಕ್ಕು ಸರಿಯಾಗಿತ್ತು. ಮಂದಗತಿಗೆ ಕೊಟ್ಟ ಮದ್ದಾಗಿ ಇದು ತಪ್ಪು ಆಯ್ಕೆಯಾಗಿತ್ತು ಮತ್ತು ಅದರ ಬೆಲೆಯನ್ನು ನಿರ್ಧಾರದಲ್ಲಿ ಯಾವ ಪಾತ್ರವೂ ಇಲ್ಲದವರು ತೆತ್ತರು ಎಂಬುದು ನನ್ನ ನಿಲುವು. ಅದಕ್ಕೆ ಆಧಾರವಾದ ಲೆಕ್ಕವನ್ನು ಇಲ್ಲಿ ಬಿಡಿಸಿ ಇಟ್ಟಿದ್ದೇನೆ.

ಹಿನ್ನೆಲೆ

ದರ ಇಳಿಸುವ ಯೋಚನೆ 2019ರಲ್ಲಿ ಹುಟ್ಟಿದ್ದಲ್ಲ. 2015ರ ಫೆಬ್ರುವರಿಯ ಬಜೆಟ್ ಭಾಷಣದಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ಮುಂದಿನ ನಾಲ್ಕು ವರ್ಷಗಳಲ್ಲಿ ಕಂಪನಿ ತೆರಿಗೆಯನ್ನು ಶೇ 30ರಿಂದ ಶೇ 25ಕ್ಕೆ ಇಳಿಸಿ, ಅದರ ಜೊತೆಗೇ ವಿನಾಯಿತಿಗಳನ್ನು ಹಂತ ಹಂತವಾಗಿ ತೆಗೆದುಹಾಕುವುದಾಗಿ ಹೇಳಿದ್ದರು. ಕಾಗದದ ಮೇಲಿನ ದರ ಏಷ್ಯಾದ ಪ್ರಮುಖ ದೇಶಗಳಿಗಿಂತ ಹೆಚ್ಚಿದ್ದರೂ ವಿನಾಯಿತಿಗಳನ್ನು ಕಳೆದ ಮೇಲೆ ನಿಜವಾಗಿ ವಸೂಲಾಗುವುದು ಶೇ 23ರ ಆಸುಪಾಸು ಎಂಬುದು ಅವರ ವಾದವಾಗಿತ್ತು. ಕಾಯ್ದೆ ಹೇಳುವ ದರವೊಂದು, ಖಜಾನೆಗೆ ಬರುವ ದರ ಇನ್ನೊಂದು ಎಂಬ ಆ ಸ್ಥಿತಿ ಯಾರಿಗೂ ಒಳ್ಳೆಯದಲ್ಲ. ಅದರಲ್ಲಿ ಲಾಭವಾಗುತ್ತಿದ್ದುದು ನುರಿತ ತೆರಿಗೆ ಸಲಹೆಗಾರರನ್ನು ಇಟ್ಟುಕೊಳ್ಳಬಲ್ಲ ದೊಡ್ಡ ಕಂಪನಿಗಳಿಗೆ. ಬಜೆಟ್ ದಾಖಲೆಗಳಲ್ಲಿ ಪ್ರಕಟವಾಗುತ್ತಿದ್ದ ಅಂಕಿಗಳ ಪ್ರಕಾರ, 500 ಕೋಟಿಗಿಂತ ಹೆಚ್ಚು ಲಾಭ ಮಾಡುವ ಕಂಪನಿಗಳ ಮೇಲಿನ ವಾಸ್ತವ ತೆರಿಗೆ ಹೊರೆಯು ಒಂದು ಕೋಟಿಯೊಳಗೆ ಲಾಭ ಮಾಡುವ ಸಣ್ಣ ಕಂಪನಿಗಳ ಹೊರೆಗಿಂತ ಕಡಿಮೆಯಿತ್ತು.

ಜೇಟ್ಲಿ ಅವರ ಮಾತು ಜಾರಿಯಾದದ್ದು ಕೆಳಗಿನಿಂದ ಮೇಲಕ್ಕೆ. 2017ರ ಬಜೆಟ್ 50 ಕೋಟಿ ರೂಪಾಯಿವರೆಗೆ ವಹಿವಾಟು ನಡೆಸುವ ಕಂಪನಿಗಳಿಗೆ ಶೇ 25ರ ದರ ನೀಡಿತು. 2018ರಲ್ಲಿ ಆ ಮಿತಿ 250 ಕೋಟಿಗೆ, 2019ರ ಜುಲೈನಲ್ಲಿ 400 ಕೋಟಿಗೆ ಏರಿತು. ಜುಲೈ ಬಜೆಟ್ ಮಂಡಿಸುವಾಗ ಸೀತಾರಾಮನ್ ಅವರು ದೇಶದ ಶೇ 99.3ರಷ್ಟು ಕಂಪನಿಗಳು ಶೇ 25ರ ದರದೊಳಗೆ ಬಂದಂತಾಯಿತು ಎಂದಿದ್ದರು. ಈ ವಾಕ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎರಡೂವರೆ ತಿಂಗಳ ನಂತರ ಬಂದ ಕಡಿತ ಯಾರಿಗಾಗಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಈ ನಡುವೆ ಆರ್ಥಿಕತೆ ಮಂದಗತಿಗೆ ಬಿದ್ದಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲಾಗದೆ ಕುಸಿದ ಮೇಲೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಹಣ ಸಿಗುವುದೇ ಕಷ್ಟವಾಯಿತು. ಅವುಗಳನ್ನು ನಂಬಿದ್ದ ವಾಹನ ಸಾಲ, ಗೃಹ ಸಾಲ, ಸಣ್ಣ ವ್ಯಾಪಾರಿಗಳ ಸಾಲ ಎಲ್ಲವೂ ಬಿಗಿಯಾದವು. 2019ರ ಆಗಸ್ಟ್‌ನಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 31ರಷ್ಟು ಕುಸಿಯಿತು. ಏಪ್ರಿಲ್–ಜೂನ್ ತ್ರೈಮಾಸಿಕದ ಜಿಡಿಪಿ ಬೆಳವಣಿಗೆ ಶೇ 5 ಎಂದು ಪ್ರಕಟವಾದಾಗ ಅದು ಆರು ವರ್ಷಗಳಲ್ಲೇ ಕನಿಷ್ಠ ಮಟ್ಟವಾಗಿತ್ತು. ರಿಸರ್ವ್ ಬ್ಯಾಂಕ್ ಫೆಬ್ರುವರಿಯಿಂದ ಆಗಸ್ಟ್‌ವರೆಗೆ, ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರವಾದ ರೆಪೊ ದರವನ್ನು ಒಟ್ಟು ಶೇ 1.10ರಷ್ಟು ಇಳಿಸಿತ್ತು. ಸರ್ಕಾರವೂ ಆಗಸ್ಟ್ 23ರಂದು ವಿದೇಶಿ ಹೂಡಿಕೆದಾರರ ಮೇಲಿನ ಹೆಚ್ಚುವರಿ ಸರ್ಚಾರ್ಜ್ (ತೆರಿಗೆಯ ಮೇಲೆ ಹಾಕುವ ಅಧಿಕ ತೆರಿಗೆ) ಹಿಂತೆಗೆದುಕೊಂಡಿತು. 30ರಂದು ಸಾರ್ವಜನಿಕ ಬ್ಯಾಂಕುಗಳ ವಿಲೀನವನ್ನು ಘೋಷಿಸಿತು. ಇವೆರಡರ ನಡುವೆ, ಆಗಸ್ಟ್ 26ರಂದು, ರಿಸರ್ವ್ ಬ್ಯಾಂಕಿನ ಮೀಸಲು ನಿಧಿ ಎಷ್ಟಿರಬೇಕೆಂದು ಪರಿಶೀಲಿಸಿದ್ದ ಬಿಮಲ್ ಜಲಾನ್ ಸಮಿತಿಯ ಶಿಫಾರಸಿನಂತೆ 1.76 ಲಕ್ಷ ಕೋಟಿ ರೂಪಾಯಿಯನ್ನು ಸರ್ಕಾರಕ್ಕೆ ವರ್ಗಾಯಿಸಲು ರಿಸರ್ವ್ ಬ್ಯಾಂಕಿನ ಮಂಡಳಿ ಒಪ್ಪಿತು. ಒಂದು ತಿಂಗಳೊಳಗೆ ಬಂದ ತೆರಿಗೆ ಕಡಿತದ ಮೊತ್ತವನ್ನು ಅನೇಕ ಟೀಕಾಕಾರರು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಿದ್ದು ಸಹಜವೇ ಆಗಿತ್ತು.

ಕಡಿತದ ಒಡಲು

ಸುಗ್ರೀವಾಜ್ಞೆಯು ಆದಾಯ ತೆರಿಗೆ ಕಾಯ್ದೆಗೆ ಎರಡು ಕಲಮುಗಳನ್ನು ಸೇರಿಸಿತು. 115ಬಿಎಎ ಕಲಮಿನ ಪ್ರಕಾರ ಯಾವುದೇ ದೇಶೀಯ ಕಂಪನಿ ಪ್ರಮುಖ ವಿನಾಯಿತಿಗಳನ್ನೂ ಪ್ರೋತ್ಸಾಹಕಗಳನ್ನೂ ಬಿಟ್ಟುಕೊಟ್ಟರೆ ಶೇ 22ರ ದರವನ್ನು ಆಯ್ದುಕೊಳ್ಳಬಹುದು; ಶೇ 10ರ ಸರ್ಚಾರ್ಜ್ ಮತ್ತು ಶೇ 4ರ ಸೆಸ್ ಸೇರಿದರೆ ಒಟ್ಟು ಶೇ 25.17. ಒಮ್ಮೆ ಆಯ್ದುಕೊಂಡರೆ ಹಳೆಯ ವ್ಯವಸ್ಥೆಗೆ ಮರಳುವಂತಿಲ್ಲ. 115ಬಿಎಬಿ ಕಲಮು 2019ರ ಅಕ್ಟೋಬರ್ 1ರ ನಂತರ ಸ್ಥಾಪನೆಯಾಗಿ 2023ರ ಮಾರ್ಚ್ 31ರೊಳಗೆ ಉತ್ಪಾದನೆ ಆರಂಭಿಸುವ ಹೊಸ ತಯಾರಿಕಾ ಕಂಪನಿಗಳಿಗೆ ಶೇ 15ರ, ಎಲ್ಲ ಸೇರಿ ಶೇ 17.16ರ, ದರ ನೀಡಿತು. ಹಳೆಯ ವ್ಯವಸ್ಥೆಯಲ್ಲೇ ಉಳಿಯುವ ಕಂಪನಿಗಳಿಗೆ ಕನಿಷ್ಠ ಪರ್ಯಾಯ ತೆರಿಗೆ (ವಿನಾಯಿತಿಗಳು ಎಷ್ಟೇ ಇದ್ದರೂ ಲೆಕ್ಕಪತ್ರದ ಲಾಭದ ಮೇಲೆ ಕಟ್ಟಲೇಬೇಕಾದ ತೆರಿಗೆ) ಶೇ 18.5ರಿಂದ ಶೇ 15ಕ್ಕೆ ಇಳಿಯಿತು.

ಈ ಎರಡು ಕಲಮುಗಳು ಸ್ವಭಾವದಲ್ಲೇ ಬೇರೆ ಎಂಬುದನ್ನು ಅಂದಿನ ಚರ್ಚೆ ಸಾಕಷ್ಟು ಗುರುತಿಸಲಿಲ್ಲ. ಎರಡನೆಯದು ಇನ್ನೂ ಹುಟ್ಟದ ಕಾರ್ಖಾನೆಗೆ ಕೊಟ್ಟ ಆಮಿಷ. ಕಾರ್ಖಾನೆ ಬಾರದಿದ್ದರೆ ಸರ್ಕಾರಕ್ಕೆ ಖರ್ಚೂ ಇಲ್ಲ. ಮೊದಲನೆಯದು ಈಗಾಗಲೇ ಹಾಕಿದ ಬಂಡವಾಳದಿಂದ, ಈಗಾಗಲೇ ನಿಂತಿರುವ ಯಂತ್ರಗಳಿಂದ ಬರುತ್ತಿರುವ ಲಾಭಕ್ಕೆ ಕೊಟ್ಟ ರಿಯಾಯಿತಿ. ಮಾಡಿಯಾಗಿರುವ ಹೂಡಿಕೆಯನ್ನು ಇನ್ನೊಮ್ಮೆ ಮಾಡಿಸಲು ಯಾವ ತೆರಿಗೆ ರಿಯಾಯಿತಿಗೂ ಸಾಧ್ಯವಿಲ್ಲ. 1.45 ಲಕ್ಷ ಕೋಟಿಯ ಅಂದಾಜಿನಲ್ಲಿ ಬಹುಪಾಲು ಹೋದದ್ದು ಈ ಮೊದಲ ಬಗೆಯ ರಿಯಾಯಿತಿಗೆ.

ಯಾರಿಗೆ ಎಷ್ಟು

ಹತ್ತು ಕೋಟಿಗಿಂತ ಹೆಚ್ಚು ಆದಾಯವಿರುವ, 400 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಯೊಂದು ಕಡಿತಕ್ಕೆ ಮೊದಲು ಶೇ 30ರ ಮೂಲ ದರ, ಅದರ ಮೇಲೆ ಶೇ 12ರ ಸರ್ಚಾರ್ಜ್, ಎರಡರ ಮೇಲೆ ಶೇ 4ರ ಸೆಸ್ ಸೇರಿ ಶೇ 34.94ರಷ್ಟು ತೆರಿಗೆಗೆ ಒಳಪಟ್ಟಿತ್ತು. ಕಡಿತದ ನಂತರ ಅದು ಶೇ 25.17. ನೂರು ಕೋಟಿ ರೂಪಾಯಿ ಲಾಭಕ್ಕೆ ಹತ್ತಿರ ಹತ್ತಿರ 9.8 ಕೋಟಿ ಉಳಿತಾಯ. ಇನ್ನು, ವರ್ಷಕ್ಕೆ ಒಂದು ಕೋಟಿಯೊಳಗೆ ಆದಾಯವಿರುವ ಸಣ್ಣ ಕಂಪನಿಗೆ ಸರ್ಚಾರ್ಜ್ ಇರಲಿಲ್ಲ. ಶೇ 25ರ ಮೂಲ ದರಕ್ಕೆ ಸೆಸ್ ಸೇರಿ ಅದು ಶೇ 26 ಕಟ್ಟುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಆದಾಯ ಎಷ್ಟೇ ಇದ್ದರೂ ಶೇ 10ರ ಸರ್ಚಾರ್ಜ್ ತಪ್ಪದಿರುವುದರಿಂದ ಅದರ ದರವೂ ಶೇ 25.17. ಉಳಿತಾಯ ನೂರಕ್ಕೆ ಒಂದು ರೂಪಾಯಿಯೂ ಇಲ್ಲ; ಅದಕ್ಕೂ ವಿನಾಯಿತಿಗಳನ್ನು ಬಿಟ್ಟುಕೊಡಬೇಕು. ದೇಶದ ಸಣ್ಣ ಉದ್ದಿಮೆಗಳಲ್ಲಿ ಹೆಚ್ಚಿನವು ಕಂಪನಿಗಳೇ ಅಲ್ಲ, ಒಬ್ಬರ ಮಾಲೀಕತ್ವದ ಇಲ್ಲವೇ ಪಾಲುದಾರಿಕೆಯ ಸಂಸ್ಥೆಗಳು. ಪಾಲುದಾರಿಕೆ ಸಂಸ್ಥೆಗಳ ದರ ಶೇ 30ರಲ್ಲೇ ಉಳಿಯಿತು. ಬಿಡಿಭಾಗ ತಯಾರಿಸುವ ಪಾಲುದಾರಿಕೆ ಘಟಕವೊಂದು ತಾನು ಸರಕು ಪೂರೈಸುವ ದೊಡ್ಡ ಕಂಪನಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವ ಪರಿಸ್ಥಿತಿ ಹೀಗೆ ಉಂಟಾಯಿತು.

ಆ ವರ್ಷ ನಿಜವಾಗಿ ಸಂಕಟದಲ್ಲಿದ್ದ ಉದ್ದಿಮೆಗಳಿಗೆ ನಷ್ಟವಿತ್ತು, ಇಲ್ಲವೇ ಅತ್ಯಲ್ಪ ಲಾಭವಿತ್ತು. ಲಾಭವಿಲ್ಲದವರಿಗೆ ಲಾಭದ ಮೇಲಿನ ತೆರಿಗೆಯ ಕಡಿತದಿಂದ ಏನೂ ಬರುವುದಿಲ್ಲ. ಅಂದರೆ ಈ ನೆರವು ಆರೋಗ್ಯವಾಗಿದ್ದವರನ್ನೇ ಹುಡುಕಿಕೊಂಡು ಹೋಯಿತು. ಹೊಡೆತದ ಇನ್ನೊಂದು ಬಗೆಯೂ ಕಂಡುಬಂತು. ಮುಂದಿನ ವರ್ಷಗಳ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಾದ ಮೊತ್ತವನ್ನು ಬ್ಯಾಂಕುಗಳು ಆಸ್ತಿಯೆಂದು ಲೆಕ್ಕದಲ್ಲಿ ತೋರಿಸುತ್ತವೆ. ದರ ಇಳಿದಾಗ ಆ ಆಸ್ತಿಯ ಬೆಲೆಯೂ ಇಳಿಯುತ್ತದೆ. ಆಕ್ಸಿಸ್ ಬ್ಯಾಂಕ್ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಈ ಕಾರಣಕ್ಕೆ ಒಂದೇ ಬಾರಿಗೆ 2,138 ಕೋಟಿ ರೂಪಾಯಿಯನ್ನು ಕಳೆದುಕೊಂಡು 112 ಕೋಟಿ ನಷ್ಟ ತೋರಿಸಬೇಕಾಯಿತು. ಇದು ಒಂದು ಬಾರಿಯ ಲೆಕ್ಕಪತ್ರದ ಹೊಂದಾಣಿಕೆ, ನಿಜ. ಆದರೆ ಮುನ್ಸೂಚನೆಯಿಲ್ಲದೆ ವರ್ಷದ ನಡುವೆ ದರ ಬದಲಾದರೆ ಎಂಥ ಪರಿಣಾಮಗಳು ಎದುರಾಗುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಪರವಾದ ವಾದ

ಕಡಿತವನ್ನು ಸಮರ್ಥಿಸಿದವರ ವಾದವನ್ನು ಅದರ ಪೂರ್ಣ ಬಲದೊಂದಿಗೇ ನೋಡಬೇಕು. ಅಮೆರಿಕ 2017ರ ಡಿಸೆಂಬರ್‌ನಲ್ಲಿ ತನ್ನ ಕಂಪನಿ ತೆರಿಗೆಯನ್ನು ಶೇ 35ರಿಂದ ಶೇ 21ಕ್ಕೆ ಇಳಿಸಿತ್ತು. ಚೀನಾದ ದರ ಶೇ 25, ವಿಯೆಟ್ನಾಂ ಮತ್ತು ಥಾಯ್ಲೆಂಡ್‌ಗಳದು ಶೇ 20, ಸಿಂಗಪುರದ್ದು ಶೇ 17. ಅಮೆರಿಕ–ಚೀನಾ ವ್ಯಾಪಾರ ಸಮರದಿಂದ ಚೀನಾ ಬಿಟ್ಟು ಹೊರಡಲು ಯೋಚಿಸುತ್ತಿದ್ದ ಕಂಪನಿಗಳು ನೆಲೆ ಹುಡುಕುತ್ತಿದ್ದಾಗ ಭಾರತ ಶೇ 35ರ ಫಲಕ ತೂಗುಹಾಕಿ ಕುಳಿತುಕೊಳ್ಳುವಂತಿರಲಿಲ್ಲ. ಎರಡನೆಯದಾಗಿ, ಬ್ಯಾಂಕು ಮತ್ತು ಬ್ಯಾಂಕೇತರ ಸಂಸ್ಥೆಗಳಿಂದ ಸಾಲ ಹುಟ್ಟದ ಹೊತ್ತಿನಲ್ಲಿ ಕಂಪನಿಗಳಿಗೆ ತಮ್ಮದೇ ಉಳಿಕೆ ಲಾಭ ಬಂಡವಾಳದ ಮುಖ್ಯ ಮೂಲವಾಗುತ್ತದೆ. ಸಾಲದ ಹೊರೆ ಇಳಿಸಿಕೊಂಡ ಕಂಪನಿ ಮುಂದೆಂದಾದರೂ ಹೂಡಿಕೆಗೆ ಸಜ್ಜಾಗುತ್ತದೆ. ಮೂರನೆಯದಾಗಿ, ವಿನಾಯಿತಿಗಳನ್ನು ಬಿಟ್ಟರೆ ಮಾತ್ರ ಕಡಿಮೆ ದರ ಎಂಬ ಷರತ್ತು ತೆರಿಗೆ ಕಾಯ್ದೆಯನ್ನು ಶುದ್ಧಗೊಳಿಸುವ ದಾರಿ. ಈ ಮೂರನೆಯ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅಂದಿನ ರಿಸರ್ವ್ ಬ್ಯಾಂಕ್ ಗವರ್ನರ್ ಶಕ್ತಿಕಾಂತ ದಾಸ್ ಅವರು ಇದನ್ನು ದಿಟ್ಟ ಕ್ರಮವೆಂದು ಸ್ವಾಗತಿಸಿದರು; ಉದ್ಯಮ ಸಂಘಗಳ ಪ್ರತಿಕ್ರಿಯೆಯೂ ಹಾಗೇ ಇತ್ತು.

ವಿರೋಧದ ವಾದ

ಕಡಿತವನ್ನು ಪ್ರಶ್ನಿಸಿದವರು ಕೇಳಿದ್ದು ಒಂದು ಸರಳ ಪ್ರಶ್ನೆ: ಕಂಪನಿಗಳು ಹೂಡಿಕೆ ಮಾಡದಿರುವುದು ಹಣವಿಲ್ಲದೆಯೋ, ಕೊಳ್ಳುವವರಿಲ್ಲದೆಯೋ? ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ ಜುಲೈ–ಸೆಪ್ಟೆಂಬರ್‌ನಲ್ಲಿ ತಯಾರಿಕಾ ವಲಯ ತನ್ನ ಉತ್ಪಾದನಾ ಸಾಮರ್ಥ್ಯದ ಸುಮಾರು ಶೇ 69ನ್ನು ಮಾತ್ರ ಬಳಸುತ್ತಿತ್ತು. ಇರುವ ಯಂತ್ರಗಳ ಮೂರನೇ ಒಂದು ಭಾಗದಷ್ಟು ಸುಮ್ಮನೆ ನಿಂತಿರುವಾಗ ತೆರಿಗೆ ಉಳಿಯಿತೆಂದು ಯಾರೂ ಹೊಸ ಯಂತ್ರ ತರುವುದಿಲ್ಲ. ಹೂಡಿಕೆಯ ಮೇಲೆ ಬರಬಹುದಾದ ಲಾಭದಲ್ಲಿ ತೆರಿಗೆಯ ಪಾಲು ಕಡಿಮೆಯಾದರೆ ಯೋಜನೆಯೊಂದು ಇನ್ನಷ್ಟು ಆಕರ್ಷಕವಾಗಬಹುದು, ಆದರೆ ಮೊದಲು ಆ ಲಾಭ ಬರುತ್ತದೆಂಬ ನಂಬಿಕೆ ಇರಬೇಕು.

ಹಾಗಾದರೆ ಬೇರೆ ದಾರಿ ಯಾವುದಿತ್ತು? 2019–20ರ ಬಜೆಟ್‌ನಲ್ಲಿ ರೈತರಿಗೆ ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ ಕಿಸಾನ್ ಯೋಜನೆಗೆ 75,000 ಕೋಟಿ, ಉದ್ಯೋಗ ಖಾತ್ರಿಗೆ 60,000 ಕೋಟಿ ತೆಗೆದಿಡಲಾಗಿತ್ತು. ಎರಡೂ ಸೇರಿದರೆ 1.35 ಲಕ್ಷ ಕೋಟಿ. ಅಂದರೆ ಕಂಪನಿಗಳಿಗೆ ಬಿಟ್ಟುಕೊಟ್ಟ ಮೊತ್ತದಲ್ಲಿ ಈ ಎರಡೂ ಯೋಜನೆಗಳನ್ನು ಇಮ್ಮಡಿಗೊಳಿಸಿ ಇನ್ನೂ ಹತ್ತು ಸಾವಿರ ಕೋಟಿ ಉಳಿಸಬಹುದಿತ್ತು. ಕೈಗೆ ಬಂದ ರೂಪಾಯಿಯನ್ನು ಬಡ ಕುಟುಂಬ ಬಹುಬೇಗ ಖರ್ಚು ಮಾಡುತ್ತದೆ. ಆ ಖರ್ಚು ಬಿಸ್ಕತ್ತು, ಬಟ್ಟೆ, ದ್ವಿಚಕ್ರ ವಾಹನಗಳ ಬೇಡಿಕೆಯಾಗಿ ಅದೇ ಕಂಪನಿಗಳ ಬಾಗಿಲಿಗೆ ಬರುತ್ತದೆ. ಕಂಪನಿಗೆ ಉಳಿದ ರೂಪಾಯಿ ಸಾಲದ ಮರುಪಾವತಿಗೋ ಡಿವಿಡೆಂಡಿಗೋ ಠೇವಣಿಗೋ ಹೋಗುವ ಸಾಧ್ಯತೆಯೇ ಹೆಚ್ಚು. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಅವರೂ ಸಮಸ್ಯೆ ಇರುವುದು ಬೇಡಿಕೆಯಲ್ಲಿ ಎಂಬ ನಿಲುವನ್ನು ಬಹಿರಂಗವಾಗಿಯೇ ತಳೆದರು.

ಗ್ರಾಹಕರಿಗೆ ಲಾಭ ದಾಟಿಸುವ ಮಾತೂ ಆಗ ಕೇಳಿಬಂತು. ಮಾರುತಿ ಸುಜುಕಿ ಸೆಪ್ಟೆಂಬರ್ 25ರಂದು ಕೆಲವು ಮಾದರಿಗಳ ಬೆಲೆಯನ್ನು 5,000 ರೂಪಾಯಿ ಇಳಿಸಿತು. ಲಕ್ಷಗಳ ಬೆಲೆಯ ಕಾರಿಗೆ 5,000 ಇಳಿದರೆ ಕೊಳ್ಳದವರು ಕೊಳ್ಳುವವರಾಗುವುದಿಲ್ಲ.

ರಾಜ್ಯಗಳ ಪಾಲು

ಪ್ರಕರಣದ ಈ ಮಗ್ಗುಲು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಸಾರ್ವಜನಿಕ ಚರ್ಚೆಯಲ್ಲಿ ಎಲ್ಲಕ್ಕಿಂತ ಕಡಿಮೆ ಜಾಗ ಪಡೆದದ್ದೂ ಇದೇ. ಕಂಪನಿ ತೆರಿಗೆ ಕೇಂದ್ರದ ಸ್ವಂತ ಆಸ್ತಿಯಲ್ಲ. ಸಂವಿಧಾನದ 270ನೇ ವಿಧಿಯ ಪ್ರಕಾರ ಅದರ ನಿವ್ವಳ ಹುಟ್ಟುವಳಿಯನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕು. 14ನೇ ಹಣಕಾಸು ಆಯೋಗ ಆ ಪಾಲನ್ನು ಶೇ 42 ಎಂದು ನಿಗದಿಪಡಿಸಿತ್ತು. ಸರ್ಚಾರ್ಜ್ ಮತ್ತು ಸೆಸ್ ಮಾತ್ರ ಈ ಹಂಚಿಕೆಯಿಂದ ಹೊರಗೆ. ಪೂರ್ಣ ದರ ಕಟ್ಟುತ್ತಿದ್ದ ದೊಡ್ಡ ಕಂಪನಿಯ ವಿಷಯದಲ್ಲಿ, ನೂರು ರೂಪಾಯಿ ಲಾಭದ ಮೇಲೆ ಒಟ್ಟು ಇಳಿದ 9.78 ರೂಪಾಯಿ ತೆರಿಗೆಯಲ್ಲಿ 8 ರೂಪಾಯಿ ಹಂಚಿಕೆಯ ಮೊತ್ತಕ್ಕೆ ಸೇರಿದ್ದು. ಅದರ ಶೇ 42 ಎಂದರೆ 3.36 ರೂಪಾಯಿ. ಅಂದರೆ ಕೇಂದ್ರ ಸಚಿವೆ ಪ್ರಕಟಿಸಿದ ಔದಾರ್ಯದ ಮೂರನೇ ಒಂದು ಪಾಲನ್ನು ರಾಜ್ಯಗಳು ಭರಿಸಿದವು. ರಾಜ್ಯಗಳ ಹಣಕಾಸು ಸಚಿವರು ಜಿಎಸ್‌ಟಿ ಮಂಡಳಿಯ ಸಭೆಗಾಗಿ ಅದೇ ದಿನ ಅದೇ ಊರಿಗೆ ಬಂದಿದ್ದರು. ಅವರನ್ನು ಕೇಳಬೇಕೆಂಬ ಕಾನೂನು ಇರಲಿಲ್ಲ. ಆದರೆ ಒಂದು ಹೋಟೆಲ್ ಕೋಣೆಯ ಬಾಡಿಗೆ ಮೇಲಿನ ಜಿಎಸ್‌ಟಿ ಬದಲಿಸಲು ಎಲ್ಲ ರಾಜ್ಯಗಳೂ ಕುಳಿತು ಚರ್ಚಿಸಬೇಕಿದ್ದ ಆ ದಿನವೇ, ಅವುಗಳ ಆದಾಯದಲ್ಲಿ ಇಷ್ಟು ದೊಡ್ಡ ಕಡಿತ ಒಂದು ಪತ್ರಿಕಾಗೋಷ್ಠಿಯಲ್ಲಿ ಮುಗಿದುಹೋಯಿತು.

2019–20ರ ಬಜೆಟ್‌ನಲ್ಲಿ ರಾಜ್ಯಗಳಿಗೆ ತೆರಿಗೆ ಪಾಲಾಗಿ 8.09 ಲಕ್ಷ ಕೋಟಿ ರೂಪಾಯಿ ಎಂದು ತೋರಿಸಲಾಗಿತ್ತು. ಕೊನೆಗೆ ಸಿಕ್ಕಿದ್ದು 6.51 ಲಕ್ಷ ಕೋಟಿ. ಈ ಪೂರ್ತಿ ಕೊರತೆಗೆ ಕಂಪನಿ ತೆರಿಗೆ ಕಡಿತವೇ ಕಾರಣವೆಂದರೆ ತಪ್ಪಾಗುತ್ತದೆ. ಇತರ ತೆರಿಗೆಗಳ ವಸೂಲಿಯೂ ಕುಸಿದಿತ್ತು, ಹಿಂದಿನ ವರ್ಷ ಹೆಚ್ಚಾಗಿ ಕೊಟ್ಟಿದ್ದ ಮೊತ್ತದ ಹೊಂದಾಣಿಕೆಯೂ ಇತ್ತು. ಆದರೂ ಕಡಿತದ ಪಾಲು ಅದರಲ್ಲಿ ಸಣ್ಣದಲ್ಲ. ಕರ್ನಾಟಕದ ಮಟ್ಟಿಗೆ ಇದು ಇನ್ನಷ್ಟು ಬಿರುಸಾಗಿ ತಟ್ಟಿತು. 15ನೇ ಹಣಕಾಸು ಆಯೋಗದ ಶಿಫಾರಸಿನಿಂದ ಹಂಚಿಕೆಯಲ್ಲಿ ರಾಜ್ಯದ ಪಾಲು ಶೇ 4.71ರಿಂದ ಶೇ 3.65ಕ್ಕೆ ಇಳಿದದ್ದು ಮುಂದಿನ ವರ್ಷದಿಂದಲೇ. ಹಂಚುವ ಗಂಟೂ ಕಿರಿದಾಯಿತು, ಅದರಲ್ಲಿ ಸಿಗುವ ಪಾಲೂ ಕಿರಿದಾಯಿತು.

ನಂತರದ ವರ್ಷಗಳು

ಕಡಿತದ ಮೊದಲ ಆರು ತಿಂಗಳು ಆಶಾದಾಯಕವಾಗಿರಲಿಲ್ಲ. ಜುಲೈ–ಸೆಪ್ಟೆಂಬರ್‌ನ ಬೆಳವಣಿಗೆ ಶೇ 4.5 ಎಂದು ನವೆಂಬರ್ ಕೊನೆಯಲ್ಲಿ ಪ್ರಕಟವಾಯಿತು. ಸುಗ್ರೀವಾಜ್ಞೆಯ ಜಾಗದಲ್ಲಿ ಬಂದ ಮಸೂದೆಯ ಮೇಲೆ ಸಂಸತ್ತಿನ ಉಭಯ ಸದನಗಳಲ್ಲಿ ಚರ್ಚೆ ನಡೆದದ್ದು ಡಿಸೆಂಬರ್ ಮೊದಲ ವಾರದಲ್ಲಿ, ಅಂದರೆ ಕಂಪನಿಗಳು ಹೊಸ ದರದ ಲೆಕ್ಕದಲ್ಲಿ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿಯಾದ ಮೇಲೆ. ಆ ವರ್ಷ ಕಂಪನಿ ತೆರಿಗೆಯಿಂದ 7.66 ಲಕ್ಷ ಕೋಟಿ ಬರುವುದೆಂದು ಬಜೆಟ್ ಅಂದಾಜಿಸಿದ್ದರೆ ಬಂದದ್ದು ಸುಮಾರು 5.57 ಲಕ್ಷ ಕೋಟಿ. ಹಿಂದಿನ ವರ್ಷದ 6.64 ಲಕ್ಷ ಕೋಟಿಗಿಂತಲೂ ಇದು ಒಂದು ಲಕ್ಷ ಕೋಟಿಗೂ ಹೆಚ್ಚು ಕಡಿಮೆ. ಜಿಡಿಪಿಯ ಶೇ 3.3 ಎಂದುಕೊಂಡಿದ್ದ ವಿತ್ತೀಯ ಕೊರತೆ ಶೇ 4.6 ತಲುಪಿತು.

2020ರ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆದದ್ದರಿಂದ ಕಡಿತದ ಪರಿಣಾಮವನ್ನು ಮಾತ್ರ ಪ್ರತ್ಯೇಕಿಸಿ ಅಳೆಯುವುದು ಅಸಾಧ್ಯವಾಯಿತು. ಪರ ವಿರೋಧ ಎರಡೂ ಪಕ್ಷಗಳವರು ಈ ಮಿತಿಯನ್ನು ಒಪ್ಪಿಕೊಂಡು ಮಾತನಾಡಬೇಕು. ಆದರೆ ಹೊರೆ ಯಾರಿಂದ ಯಾರಿಗೆ ಸರಿಯಿತು ಎಂಬುದು ಲೆಕ್ಕಪತ್ರಗಳಲ್ಲೇ ಕಾಣುತ್ತದೆ. ಕಚ್ಚಾ ತೈಲದ ಬೆಲೆ ಕುಸಿದಾಗ ಅದರ ಲಾಭವನ್ನು ಗ್ರಾಹಕರಿಗೆ ಬಿಡದೆ, 2020ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಕೇಂದ್ರವು ಪೆಟ್ರೋಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 19.98 ರೂಪಾಯಿಯಿಂದ 32.98ಕ್ಕೆ, ಡೀಸೆಲ್ ಮೇಲಿನದನ್ನು 15.83ರಿಂದ 31.83ಕ್ಕೆ ಏರಿಸಿತು. 2020–21ರಲ್ಲಿ ಕಂಪನಿ ತೆರಿಗೆ 4.58 ಲಕ್ಷ ಕೋಟಿಗೆ ಇಳಿದರೆ, ಅಬಕಾರಿ ಸುಂಕ 2.39 ಲಕ್ಷ ಕೋಟಿಯಿಂದ ಸುಮಾರು 3.9 ಲಕ್ಷ ಕೋಟಿಗೆ ಏರಿತು. ಒಂದರ ನಷ್ಟ ತುಂಬಲೆಂದೇ ಇನ್ನೊಂದನ್ನು ಏರಿಸಲಾಯಿತು ಎಂದು ಸರ್ಕಾರ ಹೇಳಿಲ್ಲ. ಖಜಾನೆಗೆ ಬಂದ ಹಣಕ್ಕೆ ಗುರುತು ಇರುವುದಿಲ್ಲವಾದರೂ, ಲಾಭದ ಮೇಲಿನ ತೆರಿಗೆ ಕುಗ್ಗಿ ಸರಕಿನ ಮೇಲಿನ ತೆರಿಗೆ ಹಿಗ್ಗಿದ್ದು ನಿಜ. ಸರಕಿನ ತೆರಿಗೆಯನ್ನು ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವವರೂ ಕಟ್ಟುತ್ತಾರೆ.

ಸಮರ್ಥಕರು 2021–22ರ ನಂತರದ ಚೇತರಿಕೆಯನ್ನು ಮುಂದಿಡುತ್ತಾರೆ. ಆ ವರ್ಷ ಕಂಪನಿ ತೆರಿಗೆ 7.12 ಲಕ್ಷ ಕೋಟಿ ತಲುಪಿ ಕಡಿತಕ್ಕೆ ಮುಂಚಿನ ಮಟ್ಟವನ್ನು ಮೀರಿತು, 2023–24ರಲ್ಲಿ 9.11 ಲಕ್ಷ ಕೋಟಿ ಆಯಿತು. ದರ ಇಳಿಸಿದರೂ ಆದಾಯ ಏರಿತು ಎಂಬ ಈ ಮಾತು ಕೇಳಲು ಗಟ್ಟಿಯಾಗಿದೆ, ಆದರೆ ಬೆಲೆಗಳೂ ಆರ್ಥಿಕತೆಯೂ ಬೆಳೆಯುವ ದೇಶದಲ್ಲಿ ರೂಪಾಯಿಯ ಮೊತ್ತ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಜಿಡಿಪಿಗೆ ಹೋಲಿಸಿದರೆ 2018–19ರಲ್ಲಿ ಕಂಪನಿ ತೆರಿಗೆ ಸುಮಾರು ಶೇ 3.5 ಇತ್ತು, 2023–24ರಲ್ಲಿ ಶೇ 3ರ ಆಸುಪಾಸಿನಲ್ಲಿತ್ತು. ಅದೇ 2023–24ರಲ್ಲಿ ಷೇರುಪೇಟೆಯ ನಿಫ್ಟಿ 500 ಸೂಚ್ಯಂಕದಲ್ಲಿರುವ ದೊಡ್ಡ ಕಂಪನಿಗಳ ಲಾಭವು ಜಿಡಿಪಿಯ ಶೇ 4.8ಕ್ಕೆ ಏರಿ ಹದಿನೈದು ವರ್ಷಗಳ ಗರಿಷ್ಠ ಮಟ್ಟ ಮುಟ್ಟಿತೆಂದು ಕೇಂದ್ರದ ಆರ್ಥಿಕ ಸಮೀಕ್ಷೆಯೇ ದಾಖಲಿಸಿದೆ. ಲಾಭದ ಪಾಲು ಹದಿನೈದು ವರ್ಷಗಳಲ್ಲೇ ಹೆಚ್ಚು, ಲಾಭದ ಮೇಲಿನ ತೆರಿಗೆಯ ಪಾಲು ಹಿಂದಿಗಿಂತ ಕಡಿಮೆ. ಇದೇ ವರ್ಷ ವ್ಯಕ್ತಿಗಳ ಆದಾಯ ತೆರಿಗೆ 10.45 ಲಕ್ಷ ಕೋಟಿಯಾಗಿ ಕಂಪನಿ ತೆರಿಗೆಯನ್ನು ಬಹಳ ದೂರ ಹಿಂದೆ ಹಾಕಿತು.

ಹೂಡಿಕೆಯ ಬಗ್ಗೆ ಅತ್ಯಂತ ನೇರವಾದ ಪ್ರಶ್ನೆ ಬಂದದ್ದು ವಿರೋಧ ಪಕ್ಷಗಳಿಂದಲ್ಲ, ಸರ್ಕಾರದೊಳಗಿನಿಂದಲೇ. 2022ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವೆ ಉದ್ಯಮಿಗಳ ಸಭೆಯೊಂದರಲ್ಲಿ, ನಿಮ್ಮನ್ನು ತಡೆಯುತ್ತಿರುವುದಾದರೂ ಏನು, ತನ್ನ ಶಕ್ತಿ ತನಗೇ ಗೊತ್ತಿರದ ಹನುಮಂತನಂತೆ ಆಗಿದ್ದೀರಾ ಎಂಬರ್ಥದ ಮಾತು ಕೇಳಿದರು. 2024ರ ಜುಲೈನಲ್ಲಿ ಮುಖ್ಯ ಆರ್ಥಿಕ ಸಲಹೆಗಾರ ವಿ. ಅನಂತ ನಾಗೇಶ್ವರನ್ ಅವರ ತಂಡ ಸಿದ್ಧಪಡಿಸಿದ ಆರ್ಥಿಕ ಸಮೀಕ್ಷೆಯು 2019ರ ಕಡಿತವನ್ನು ನೆನಪಿಸಿ, ಕಂಪನಿಗಳು ಅದಕ್ಕೆ ಸ್ಪಂದಿಸಿವೆಯೇ ಎಂದು ಪ್ರಶ್ನಿಸಿತು. 2018–19ರಿಂದ 2022–23ರವರೆಗೆ ಯಂತ್ರೋಪಕರಣ ಮತ್ತು ಬೌದ್ಧಿಕ ಆಸ್ತಿ ಉತ್ಪನ್ನಗಳಲ್ಲಿ ಖಾಸಗಿ ವಲಯದ ಹೂಡಿಕೆ ಒಟ್ಟಾರೆ ಶೇ 35 ಮಾತ್ರ ಬೆಳೆದಿತ್ತು. ವಸತಿ ಮತ್ತಿತರ ಕಟ್ಟಡಗಳಲ್ಲಿ ಅದು ಶೇ 105 ಬೆಳೆದಿತ್ತು. 33,000ಕ್ಕೂ ಹೆಚ್ಚು ಕಂಪನಿಗಳ ಮಾದರಿಯಲ್ಲಿ ತೆರಿಗೆಗೆ ಮುಂಚಿನ ಲಾಭ 2019–20 ಮತ್ತು 2022–23ರ ನಡುವೆ ಸುಮಾರು ನಾಲ್ಕು ಪಟ್ಟಾಯಿತು. 2019–20 ದುರ್ಬಲ ವರ್ಷವಾಗಿದ್ದರಿಂದ ಈ ಏರಿಕೆಯನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಆದರೂ ನೇಮಕಾತಿ ಮತ್ತು ವೇತನ ಲಾಭದ ಜೊತೆ ಹೆಜ್ಜೆ ಹಾಕಲಿಲ್ಲ ಎಂಬ ಸಮೀಕ್ಷೆಯ ಮಾತಿಗೆ ಇದರಿಂದ ಕುಂದಿಲ್ಲ. ಖಾಸಗಿ ಹೂಡಿಕೆ ಬಾರದ ಜಾಗವನ್ನು ಸರ್ಕಾರವೇ ತುಂಬಿತು: ಕೇಂದ್ರದ ಬಂಡವಾಳ ವೆಚ್ಚ 2019–20ರ 3.36 ಲಕ್ಷ ಕೋಟಿಯಿಂದ 2023–24ರಲ್ಲಿ 9.5 ಲಕ್ಷ ಕೋಟಿಯಷ್ಟಾಯಿತು.

ಹೊಸ ಕಾರ್ಖಾನೆಗಳಿಗೆಂದು ತಂದ ಶೇ 15ರ ದರ, ನನ್ನ ದೃಷ್ಟಿಯಲ್ಲಿ, ಈ ಇಡೀ ಪೊಟ್ಟಣದಲ್ಲಿ ಸರಿಯಾಗಿ ಯೋಚಿಸಿದ್ದ ಭಾಗ. ಸಾಂಕ್ರಾಮಿಕದಿಂದ ಕಳೆದುಹೋದ ಕಾಲಕ್ಕೆ ಪರಿಹಾರವಾಗಿ ಅದರ ಗಡುವನ್ನು 2024ರ ಮಾರ್ಚ್ 31ಕ್ಕೆ, ಒಂದು ವರ್ಷ ಮಾತ್ರ, ವಿಸ್ತರಿಸಲಾಯಿತು. ನಂತರ ಅದು ನಿಂತಿತು. ಹಳೆಯ ಲಾಭದ ಮೇಲಿನ ಶೇ 22ಕ್ಕೆ ಯಾವ ಗಡುವೂ ಇರಲಿಲ್ಲ, ಅದು ಉಳಿಯಿತು. ಹೂಡಿಕೆಗೆ ಪ್ರತಿಯಾಗಿ ಕೊಡಬೇಕಿದ್ದ ರಿಯಾಯಿತಿ ಕೊನೆಗೊಂಡು, ಪ್ರತಿಫಲವಿಲ್ಲದೆ ಕೊಟ್ಟದ್ದು ಶಾಶ್ವತವಾದದ್ದು ವಿಚಿತ್ರವಾದರೂ ನಿಜ. 2020ರಿಂದ ಜಾರಿಗೆ ಬಂದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಗಳು ಹೆಚ್ಚುವರಿ ಉತ್ಪಾದನೆ ತೋರಿಸಿದ ಮೇಲೆಯೇ ಹಣ ಕೊಡುತ್ತವೆ. ಅವುಗಳ ಗುಣದೋಷ ಬೇರೆ ಚರ್ಚೆಯ ವಿಷಯ, ಆದರೆ ಷರತ್ತು ಹಾಕಬಹುದು ಎಂಬುದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ.

ಬೇಡಿಕೆಯ ಕಡೆಗೆ ಸರ್ಕಾರ ತಿರುಗಿದ್ದು ಐದೂವರೆ ವರ್ಷಗಳ ನಂತರ. 2025ರ ಫೆಬ್ರುವರಿಯ ಬಜೆಟ್ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲದಂತೆ ಮಾಡಿ, ಅದಕ್ಕಾಗಿ ಸುಮಾರು ಒಂದು ಲಕ್ಷ ಕೋಟಿ ಬಿಟ್ಟುಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಮುಖ್ಯವಾಗಿ ಶೇ 5 ಮತ್ತು ಶೇ 18ಕ್ಕೆ ಇಳಿದವು. ಕೊಳ್ಳುವವರ ಕೈಯಲ್ಲಿ ಹಣ ಉಳಿಯಬೇಕು ಎಂಬ ಈ ಕ್ರಮಗಳ ತರ್ಕವನ್ನೇ 2019ರಲ್ಲಿ ಕಡಿತದ ವಿರೋಧಿಗಳು ಮುಂದಿಟ್ಟಿದ್ದರು.

ಈ ನಡುವೆ 2021ರ ಅಕ್ಟೋಬರ್‌ನಲ್ಲಿ 136 ದೇಶಗಳು ಬೃಹತ್ ಬಹುರಾಷ್ಟ್ರೀಯ ಕಂಪನಿಗಳಿಗೆ ಶೇ 15ರ ಕನಿಷ್ಠ ತೆರಿಗೆಯ ಸೂತ್ರವನ್ನು ಒಪ್ಪಿಕೊಂಡದ್ದರಿಂದ, ನೆರೆಯವರಿಗಿಂತ ಕಡಿಮೆ ದರ ಇಟ್ಟರಷ್ಟೇ ಬಂಡವಾಳ ಬರುತ್ತದೆಂಬ ವಾದದ ಬಲ ಕುಗ್ಗಿದೆ. ಆದರೂ ಹೊಸ ಕಾರ್ಖಾನೆಗಳ ಶೇ 15ರ ದರವನ್ನು ಮರಳಿ ತರಬೇಕೆಂಬ ಬೇಡಿಕೆ ಉದ್ಯಮ ವಲಯದಲ್ಲಿ ಇದೆ, ಮತ್ತು ಅದು ಪರಿಶೀಲನೆಗೆ ಅರ್ಹವಾದ ಬೇಡಿಕೆಯೇ. ಅದಕ್ಕೆ ಮೊದಲು 115ಬಿಎಬಿ ಅಡಿಯಲ್ಲಿ ಎಷ್ಟು ಕಂಪನಿಗಳು ನಿಜವಾಗಿ ಉತ್ಪಾದನೆ ಆರಂಭಿಸಿದವು, ಅವು ಯಾವ ರಾಜ್ಯಗಳಲ್ಲಿವೆ, ಎಷ್ಟು ಬಂಡವಾಳ ಹಾಕಿ ಎಷ್ಟು ಜನರಿಗೆ ಕೆಲಸ ಕೊಟ್ಟವು ಎಂಬ ವಿವರವನ್ನು ಹಣಕಾಸು ಸಚಿವಾಲಯ ಸಂಸತ್ತಿನ ಮುಂದಿಡಬೇಕು. ಶೇ 22ರ ದರದಿಂದ ಉಳಿದ ಹಣವನ್ನು ದೊಡ್ಡ ಕಂಪನಿಗಳು ಯಾವುದಕ್ಕೆ ಬಳಸಿದವೆಂಬುದು ಅವು ಪ್ರತಿ ವರ್ಷ ಸಲ್ಲಿಸುವ ರಿಟರ್ನ್ ಮತ್ತು ವಾರ್ಷಿಕ ಲೆಕ್ಕಗಳಿಂದ ತಿಳಿಯುವಂಥದ್ದು, ಅದಕ್ಕೆ ಹೊಸ ಸಮೀಕ್ಷೆಯೇ ಬೇಕಿಲ್ಲ. ಮುಂದಿನ ಯಾವುದೇ ಕಡಿತ ಹಂಚಿಕೆಯ ತೆರಿಗೆಯನ್ನು ಮುಟ್ಟುವುದಾದರೆ, ಅದರಲ್ಲಿ ಪ್ರತಿ ರಾಜ್ಯ ಕಳೆದುಕೊಳ್ಳುವ ಮೊತ್ತದ ಪಟ್ಟಿ ಆಯಾ ರಾಜ್ಯ ಸರ್ಕಾರಗಳ ಕೈಗೆ ಘೋಷಣೆಗೆ ಮೊದಲೇ ತಲುಪಬೇಕು.